ನಾನು ಹುಟ್ಟಿದ ವರ್ಷದ ಪೀಪಾಯಿ

(ಚಿಕ್ಕಬಳ್ಳಾಪುರದ ನಮ್ಮ ಓದುಗರ ಗುಂಪಿನ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಕತ್ತರಿ ಆಡಿಸಿದ್ದೇನೆ. ನೀವು ನಕ್ಕ ಜಾಗಗಳನ್ನು ಮುಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಹೋದ ವಾರ ಬೋರ್ಡಿನ ಮೇಲೆ 'ವೈನ್ ಬಗ್ಗೆ ಉಪನ್ಯಾಸ' ಅಂತ ಬರೆದು ಕೆಳಗೆ ನನ್ನ ಹೆಸರು ಹಾಕಿದ ಮೇಲೆ ಇಬ್ಬರು ಹಳೇ ವಿದ್ಯಾರ್ಥಿಗಳು ಫೋನ್ ಮಾಡಿದರು. ಒಬ್ಬ, "ಸ್ಯಾಂಪಲ್ ಇರುತ್ತಾ ಸಾರ್?" ಅಂದ. ಇನ್ನೊಬ್ಬಳು, "ಸಾರ್, ನೀವಾ?" ಅಂದಳು. ಸ್ಯಾಂಪಲ್ ಇಲ್ಲ. ಹೌದು, ನಾನೇ.

ನಿಮ್ಮಲ್ಲಿ ಅರ್ಧ ಜನಕ್ಕೆ ನಾನು ವಿಜ್ಞಾನದ ಮೇಷ್ಟ್ರು. ಉಳಿದರ್ಧಕ್ಕೆ ದ್ರಾಕ್ಷಿ ತೋಟದ ಪಕ್ಕದವನು. ಎರಡು ಎಕರೆ ದಿಲ್‌ಖುಷ್, ಒಂದು ಎಕರೆ ಬೆಂಗಳೂರು ನೀಲಿ. ದ್ರಾಕ್ಷಿ ಬೆಳೆದಿದ್ದೇನೆ, ಮಾರಿದ್ದೇನೆ, ಒಂದು ವರ್ಷ ಗುಂಡಿಗೆ ಸುರಿದೂ ಇದ್ದೇನೆ. ಆದರೆ ಅದರಿಂದ ವೈನ್ ಆಗುವುದನ್ನು ಕಣ್ಣಾರೆ ನೋಡಿದ್ದು ಅರವತ್ತು ದಾಟಿದ ಮೇಲೆ. 2023ರ ಮಾರ್ಚಿನಲ್ಲಿ, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಮಗಳ ಮನೆಗೆ ಹೋದಾಗ.

ವೈನ್ ನಮಗೆ ಸಂಬಂಧವಿಲ್ಲದ ವಿಷಯ ಅಂತ ಕೆಲವರು ಕೂತಲ್ಲೇ ಮುಖ ಸಿಂಡರಿಸುತ್ತಿದ್ದೀರಿ. ನಿಮ್ಮನ್ನೇ ಕೇಳುತ್ತೇನೆ. ಮಳೆಗಾಲದಲ್ಲಿ ಡೌನಿ ಬೂಜುರೋಗ ಬಂದರೆ ತೋಟಕ್ಕೆ ಏನು ಹೊಡೆಯುತ್ತೀರಿ? ಬೋರ್ಡೋ. ಮೈಲುತುತ್ತ, ಸುಣ್ಣ, ನೀರು. ಆ ಬೋರ್ಡೋ ಯಾರು? ಕಂಪನಿಯೂ ಅಲ್ಲ, ವಿಜ್ಞಾನಿಯೂ ಅಲ್ಲ. ಫ್ರಾನ್ಸಿನ ಒಂದು ವೈನ್ ಊರು. ಅಲ್ಲಿಯ ರೈತರು ರಸ್ತೆ ಬದಿಯ ಗಿಡಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ರೋಗಕ್ಕಲ್ಲ, ಹಣ್ಣು ಕದಿಯುವವರು ಹೆದರಲಿ ಅಂತ. ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರದ ಪ್ರೊಫೆಸರ್ ಒಬ್ಬರು ಗಮನಿಸಿದರು: ಒಳಗಿನ ಗಿಡಗಳ ಎಲೆ ಉದುರಿದೆ, ರಸ್ತೆ ಬದಿಯವು ಮಾತ್ರ ಹಸಿರಾಗಿವೆ. 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರ ಕಾಟದಿಂದ ಹುಟ್ಟಿದ ಔಷಧಿಯನ್ನು ನಾವು ಇವತ್ತಿಗೂ ಡ್ರಮ್ಮಿನಲ್ಲಿ ಕಲಸುತ್ತಿದ್ದೇವೆ. ಹೀಗಾಗಿ ವೈನ್ ನಮ್ಮ ತೋಟಕ್ಕೆ ಯಾವತ್ತೋ ಬಂದಾಗಿದೆ. ನಮ್ಮ ಊಟದ ಮೇಜಿಗೆ ಬಂದಿಲ್ಲ, ಅಷ್ಟೇ.

ಅಡಿಲೇಡ್‌ನಿಂದ ಕಾರಿನಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರ್ ಹೋದರೆ ಬರೋಸಾ ಕಣಿವೆ. ಸ್ಪೇನಿನಲ್ಲಿ 1811ರಲ್ಲಿ ಬ್ಯಾರೋಸಾ ಅನ್ನುವ ಕಡೆ ಯುದ್ಧ ನಡೆದಿತ್ತು. ಅದರ ನೆನಪಿಗೆ ಅಲ್ಲಿಯ ಸರ್ವೆ ಅಧಿಕಾರಿ ಕರ್ನಲ್ ಲೈಟ್ ಅನ್ನುವವರು ಈ ಹೆಸರಿಟ್ಟರು. ಬರೆದುಕೊಳ್ಳುವಾಗ ಕಾಗುಣಿತ ತಪ್ಪಿತು, ತಪ್ಪೇ ಊರಾಯಿತು. ನಮ್ಮ ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ ಕೂತು ಹೋದ ಹಾಗೆ.

ನಾವು ಹೋದದ್ದು ಸೆಪೆಲ್ಟ್ಸ್‌ಫೀಲ್ಡ್ ಅನ್ನುವ ಜಾಗಕ್ಕೆ, ಸೆಪೆಲ್ಟ್ ಮನೆತನ ಕಟ್ಟಿದ ಹಳೇ ವೈನ್ ತಯಾರಿಕೆಯ ತಾಣ. ಅದಕ್ಕೆ ಒಂದೆರಡು ಮೈಲಿ ಮೊದಲೇ ರಸ್ತೆಯ ಎರಡೂ ಕಡೆ ಸಾಲಾಗಿ ಮರಗಳು. ನಮ್ಮ ಮನೆಯವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ರೀ, ಈಚಲ ಮರ ಕಣ್ರೀ" ಅಂದರು. ಮಗಳು ನಕ್ಕಳು. ಆದರೆ ನಗುವ ಮಾತಲ್ಲ ಅದು. ಅವು ಕ್ಯಾನರಿ ದ್ವೀಪದ ಖರ್ಜೂರದ ಮರಗಳು, ನಮ್ಮ ಈಚಲಿನ ಖಾಸಾ ದಾಯಾದಿಗಳು. 1930ರ ಹೊತ್ತಿನ ದೊಡ್ಡ ಆರ್ಥಿಕ ಕುಸಿತದಲ್ಲಿ ವೈನ್ ಕೇಳುವವರು ಇರಲಿಲ್ಲ. ಸೆಪೆಲ್ಟ್ ಕುಟುಂಬದವರು ಕೆಲಸದವರನ್ನು ಮನೆಗೆ ಕಳಿಸದೆ ಈ ಮರ ನೆಡುವುದಕ್ಕೆ ಹಚ್ಚಿದರಂತೆ. ಎರಡು ಸಾವಿರದಷ್ಟು ಮರ. ನಮ್ಮಲ್ಲಿ ಬರಗಾಲದಲ್ಲಿ ಕೆರೆ ಹೂಳು ತೆಗೆಸಿದ ಹಾಗೆ ಅನ್ನಿ. ಕೆರೆಯಾದರೆ ನೀರು ನಿಲ್ಲುತ್ತಿತ್ತು, ಆ ಮಾತು ಬೇರೆ.

ಒಳಗೆ ಹೋಗುವ ಮೊದಲು ಬೇಲಿಯ ಪಕ್ಕದಲ್ಲಿ ಹಳೇ ಗಿಡಗಳು ಕಂಡವು. ಅಭ್ಯಾಸಬಲ, ನಾನು ಸೀದಾ ಸಾಲಿನೊಳಗೆ ಕಾಲಿಡಲು ಹೊರಟೆ. ಮಗಳು ರಟ್ಟೆ ಹಿಡಿದು ಎಳೆದಳು. "ಅಪ್ಪಾ, ಒಳಗೆ ಹೋಗಬಾರದು, ಚಪ್ಪಲಿಯಲ್ಲಿ ಹುಳ ಬರುತ್ತೆ ಅಂತ ಹೆದರುತ್ತಾರೆ."

ಆ ಹುಳದ ಹೆಸರು ಫಿಲೋಕ್ಸೆರಾ. ಹೇನಿನ ಜಾತಿ, ಬೇರು ಹೀರುತ್ತದೆ. ಅಮೆರಿಕದಿಂದ ಯುರೋಪಿಗೆ ಬಂದು 1860ರ ದಶಕದಿಂದ ಅಲ್ಲಿಯ ದ್ರಾಕ್ಷಿಯನ್ನೇ ನುಂಗಿ ಹಾಕಿತು. ಕೊನೆಗೆ ಸಿಕ್ಕ ಪರಿಹಾರ ಏನು ಗೊತ್ತಾ? ಆ ಹುಳದ ಜೊತೆಗೇ ಬಾಳಿ ಅಭ್ಯಾಸವಾದ ಅಮೆರಿಕದ ಕಾಡು ಬಳ್ಳಿಯ ಬೇರು, ಮೇಲೆ ಯುರೋಪಿನ ಕಸಿ. ನಾವು ಡಾಗ್‌ರಿಡ್ಜ್ ಬೇರು ನೆಟ್ಟು ಅದರ ಮೇಲೆ ಕಸಿ ಕಟ್ಟುತ್ತೇವಲ್ಲ, ಅದೂ ಅಮೆರಿಕದ ಟೆಕ್ಸಾಸ್ ಕಡೆಯದೇ. ನಾವು ಕಟ್ಟುವುದು ಬರ ಮತ್ತು ಉಪ್ಪು ನೀರು ತಡೆಯಲಿ ಅಂತ. ಕೆಲಸ ಒಂದೇ, ಕಾರಣ ಬೇರೆ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಮಾತ್ರ ಆ ಹುಳ ಇವತ್ತಿಗೂ ಕಾಲಿಟ್ಟಿಲ್ಲ. ಅದಕ್ಕೇ ಬರೋಸಾದಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಅನ್ನುವ ಕಪ್ಪು ದ್ರಾಕ್ಷಿಯ ಗಿಡಗಳು ಸ್ವಂತ ಬೇರಿನ ಮೇಲೆ ನಿಂತು ಇನ್ನೂ ಹಣ್ಣು ಬಿಡುತ್ತಿವೆ. ಗಿಡಗಳಿಗೆ ವಯಸ್ಸಿನ ಪ್ರಕಾರ ದರ್ಜೆ ಬೇರೆ ಇದೆ. ಮೂವತ್ತೈದು ದಾಟಿದರೆ 'ಹಳೆಯದು'. ಎಪ್ಪತ್ತಕ್ಕೆ 'ಬದುಕುಳಿದದ್ದು'. ನೂರಕ್ಕೆ 'ಶತಾಯುಷಿ'. ನೂರಿಪ್ಪತ್ತೈದಕ್ಕೆ 'ಪೂರ್ವಜ'. ನನ್ನ ತೋಟದಲ್ಲಿ ಹದಿನೆಂಟು ವರ್ಷಕ್ಕೆ ದಿಲ್‌ಖುಷ್ ಸೊರಗಿತು ಅಂತ ಜೆಸಿಬಿ ತರಿಸಿದವನು ನಾನು. ಆ ಗಿಡಗಳ ಎದುರು ನಿಂತು ಸ್ವಲ್ಪ ನಾಚಿಕೆಯಾಯಿತು.

ಅವು ಅಷ್ಟು ವರ್ಷ ಬಾಳುವುದಕ್ಕೆ ಕಾರಣವೂ ಇದೆ. ಅಲ್ಲಿ ಚಳಿಗಾಲದಲ್ಲಿ ಗಿಡ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಕಟಿಂಗ್ ಮಾಡಿ ಎಬ್ಬಿಸುತ್ತಲೇ ಇರುತ್ತೇವೆ. ಇನ್ನೊಂದು ನೋಡಿ. ಅಲ್ಲಿಯ ಕೆಲವು ಹಳೇ ಗಿಡಗಳಿಗೆ ಚಪ್ಪರವೂ ಇಲ್ಲ, ತಂತಿಯೂ ಇಲ್ಲ, ಡ್ರಿಪ್ಪೂ ಇಲ್ಲ. ಮೊಂಡು ಗಿಡ, ಮೊಳಕಾಲೆತ್ತರ ಬೊಡ್ಡೆ, ಕೈಕಾಲು ತಿರುಚಿಕೊಂಡು ನಿಂತಿದೆ. ಮಳೆ ನಮಗಿಂತ ಕಡಿಮೆ. ಬೇರು ಮಾತ್ರ ಆಳಕ್ಕೆ ಹೋಗಿದೆ. ನಾವು ಸಾವಿರದಿನ್ನೂರು ಅಡಿ ಕೊರೆದು ಮೇಲೆತ್ತಿದ ನೀರನ್ನು ಒಂದಡಿ ಆಳದ ಬೇರಿಗೆ ಹನಿ ಹನಿ ಕುಡಿಸುತ್ತೇವೆ.

ಹಣ್ಣೂ ನಮ್ಮ ಕಣ್ಣಿಗೆ ಹಿಡಿಸುವುದಿಲ್ಲ. ಕಾಕಿ ಹಣ್ಣಿನಷ್ಟು ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ನಾವು ಜಿ.ಎ. ಅನ್ನುವ ಬೆಳವಣಿಗೆ ಹಾರ್ಮೋನಿನ ದ್ರಾವಣದಲ್ಲಿ ಗೊಂಚಲು ಅದ್ದಿ ಅದ್ದಿ ಕಾಯಿ ಊದಿಸುತ್ತೇವೆ. ಅವರಿಗೆ ಸಣ್ಣದೇ ಬೇಕು. ಬಣ್ಣ, ಒಗರು, ಘಮ ಎಲ್ಲ ಇರುವುದು ಸಿಪ್ಪೆಯಲ್ಲಿ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ. ಮಂಡಿಯಲ್ಲಿ ನಮಗೆ ಬೆಲೆ ತರುವ ಗುಣ ಅಲ್ಲಿ ಕುಂದು.

ಈಗ ಮನೆಯ ಕಥೆಗೆ ಬರೋಣ. ಜೋಸೆಫ್ ಸೆಪೆಲ್ಟ್ ಅನ್ನುವವರು ಆಗಿನ ಜರ್ಮನ್ ರಾಜ್ಯ ಪ್ರಶ್ಯಾದ ಸೈಲೀಶಿಯಾ ಪ್ರಾಂತದಿಂದ 1849ರಲ್ಲಿ ಹಡಗು ಹತ್ತಿ ಬಂದವರು. ಮನೆತನದ ಕಸುಬು ನಶ್ಯ, ಹೊಗೆಸೊಪ್ಪು, ಮದ್ಯ. ಹೊಸ ನೆಲದಲ್ಲಿ ಹೊಗೆಸೊಪ್ಪು ಬೆಳೆಯಲು ಹೊರಟರು, ಆಗಲಿಲ್ಲ. 1851ರಲ್ಲಿ ಬರೋಸಾದಲ್ಲಿ ಜಮೀನು ಕೊಂಡರು. ಕೊನೆಗೆ ದ್ರಾಕ್ಷಿ ಕೈಹಿಡಿಯಿತು. ಮೊದಲ ವರ್ಷಗಳ ವೈನ್ ಆದದ್ದು ಹೆಂಡತಿ ಯೋಹಾನಾ ಹಾಲು, ಬೆಣ್ಣೆ ಇಡುತ್ತಿದ್ದ ಕೋಣೆಯಲ್ಲಂತೆ. ನಮ್ಮ ಮನೆಯವರು ಅದನ್ನು ಕೇಳಿದ್ದೇ, "ಹಂಗಾದ್ರೆ ಹಾಲು ಎಲ್ಲಿಟ್ಟಳು ಪಾಪ?" ಅಂದರು. ಮಗಳು ಅದನ್ನು ಇಂಗ್ಲಿಷಿಗೆ ಮಾಡಿ ಗೈಡಿಗೆ ಹೇಳಿದಳು. ಆ ಹುಡುಗಿ ನಕ್ಕು, ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಅಂದಳು.

1868ರಲ್ಲಿ ಜೋಸೆಫ್ ತೀರಿಹೋದರು. ಹಿರಿಮಗ ಬೆನ್ನೊ ಕೈಗೆ ಮನೆ ಬಂತು. ಆಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಹದಿನಾರು ಮಕ್ಕಳ ತಂದೆಯಾದ ಮನುಷ್ಯ, ಮಹಾ ಹಟವಾದಿ ಇರಬೇಕು. 1888ರಲ್ಲಿ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ವೈನ್ ಕಟ್ಟಡ ಕಟ್ಟಿದ. ಮೇಲೆ ಹಣ್ಣು ಸುರಿದರೆ ರಸ ತನ್ನ ಭಾರಕ್ಕೆ ತಾನೇ ಇಳಿದುಕೊಂಡು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ರಿಪೇರಿ ಮಾಡಿ ಈಗಲೂ ಬಳಸುತ್ತಿದ್ದಾರೆ. ಭೌತಶಾಸ್ತ್ರ ಪಾಠ ಮಾಡಿದವನಾಗಿ ನಾನು ಅಲ್ಲಿ ಅರ್ಧ ಗಂಟೆ ನಿಂತೆ. ಉಳಿದವರು ಕಾಫಿಗೆ ಹೋದರು.

ಆದರೆ ನಾನು ನಿಮಗೆ ಹೇಳಬೇಕಾದದ್ದು 1878ರ ಮಾತು. ಆ ವರ್ಷ ಕಲ್ಲಿನ ಹೊಸ ಉಗ್ರಾಣ ಮುಗಿಯಿತು. ಬೆನ್ನೊ ತನ್ನ ಅತ್ಯುತ್ತಮ ವೈನನ್ನು ಐನೂರು ಲೀಟರಿನ ಒಂದು ಪೀಪಾಯಿಗೆ ತುಂಬಿಸಿ, ಇದನ್ನು ನೂರು ವರ್ಷ ಯಾರೂ ಮುಟ್ಟಬಾರದು ಅಂದ. ಮುಂದಿನ ವರ್ಷ ಇನ್ನೊಂದು. ಅದರ ಮುಂದಿನ ವರ್ಷ ಮತ್ತೊಂದು. ಅವನು 1931ರಲ್ಲಿ ಸತ್ತ, ಒಂದರ ಮುಚ್ಚಳವನ್ನೂ ತೆಗೆಯಲಿಲ್ಲ. ಮಕ್ಕಳು ನಿಲ್ಲಿಸಲಿಲ್ಲ. ಎರಡು ಮಹಾಯುದ್ಧ ಬಂದವು. ಮೊದಲ ಯುದ್ಧದಲ್ಲಂತೂ ಜರ್ಮನ್ ಹೆಸರಿನ ಊರುಗಳ ಹೆಸರನ್ನೇ ಸರ್ಕಾರ ಬದಲಾಯಿಸಿತು. ಪೀಪಾಯಿ ಇಡುವುದು ನಿಲ್ಲಲಿಲ್ಲ. ಮೊದಲ ಪೀಪಾಯಿಯ ನೂರು ವರ್ಷ ತುಂಬಿದ್ದು 1978ರಲ್ಲಿ. 1980ರ ದಶಕದಲ್ಲಿ ಆಸ್ತಿ ಕುಟುಂಬದ ಕೈತಪ್ಪಿತು, ಆಮೇಲೆ ಕಂಪನಿಯಿಂದ ಕಂಪನಿಗೆ ಹೋಯಿತು. ಕೊಂಡವರೂ ನಿಲ್ಲಿಸಲಿಲ್ಲ. 1878ರಿಂದ ಇಲ್ಲಿಯವರೆಗೆ ಒಂದು ವರ್ಷವೂ ತಪ್ಪದೆ ಸಾಲಾಗಿ ಪೀಪಾಯಿಗಳಿವೆ.

1878 ಅಂದ ಕೂಡಲೇ ನನಗೆ ಬೇರೆಯೇ ನೆನಪಾಯಿತು. ನಮ್ಮ ಅಜ್ಜಿ 'ಧಾತು ಈಶ್ವರದ ಬರ' ಅಂತ ಹೇಳುತ್ತಿದ್ದಳು, ಅವಳಿಗೆ ಅವಳ ಅಜ್ಜಿ ಹೇಳಿದ್ದು. ಧಾತು ಸಂವತ್ಸರ, ಈಶ್ವರ ಸಂವತ್ಸರ. 1876ರಿಂದ 78. ಮೈಸೂರು ಸಂಸ್ಥಾನದ ಜನರಲ್ಲಿ ಐದರಲ್ಲಿ ಒಂದು ಪಾಲು ಹೋಯಿತು ಅನ್ನುತ್ತಾರೆ. ನಮ್ಮ ಕೋಲಾರ ಸೀಮೆಗೆ ದೊಡ್ಡ ಪೆಟ್ಟು ಬಿತ್ತು. ಇಲ್ಲಿ ನಾಳೆಯ ಅಂಬಲಿಗೆ ರಾಗಿ ಇಲ್ಲದಿದ್ದ ಕಾಲದಲ್ಲೇ ಅಲ್ಲೊಬ್ಬ ನೂರು ವರ್ಷದ ಮುಂದಿನವರಿಗೆ ಅಂತ ಎತ್ತಿಟ್ಟ. ಬೆನ್ನೊ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗೈಡು 'ತಾಳ್ಮೆ' ಅನ್ನುವ ಪದವನ್ನು ಮೂರನೇ ಸಲ ಹೇಳಿದಾಗ ನನಗೆ ಅನಿಸಿದ್ದು ಇದು: ಈ ತಾಳ್ಮೆಗೆ ಉಗ್ರಾಣ ಬೇಕಮ್ಮ. ಆ ವರ್ಷದ ಉಳಿದ ಪೀಪಾಯಿಗಳು ಮಾರಾಟವಾಗಬೇಕು. ಇದೊಂದು ಇಟ್ಟರೂ ಮನೆ ನಡೆಯಬೇಕು.

ಇದು ಮಾಮೂಲಿ ವೈನ್ ಅಲ್ಲ. ಇಡ್ಲಿ ಹಿಟ್ಟು ಹುಳಿ ಬರುವುದು ಗೊತ್ತಲ್ಲ, ದ್ರಾಕ್ಷಿ ರಸವೂ ಹಾಗೇ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ. ಇಲ್ಲಿ ಅದನ್ನು ಅರ್ಧ ದಾರಿಯಲ್ಲಿ ತಡೆಯುತ್ತಾರೆ. ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಸಾರ ಸುರಿದರೆ ಯೀಸ್ಟ್ ಸಾಯುತ್ತದೆ. ಸಿಹಿ ಉಳಿಯುತ್ತದೆ, ಕಡುವೂ ಏರುತ್ತದೆ. ಉಪ್ಪಿನಕಾಯಿಗೆ ಉಪ್ಪು ಬಿಗಿಯಾಗಿ ಹಾಕಿದರೆ ಕೆಡುವುದಿಲ್ಲ, ಹಾಗೆ. ಹಿಂದೆ ಇದನ್ನು ಪೋರ್ಟ್ ಅನ್ನುತ್ತಿದ್ದರು. ಆ ಹೆಸರು ಪೋರ್ಚುಗಲ್ಲಿನ ಪೋರ್ಟೊ ಊರಿಗೆ ಸೇರಿದ್ದು, ಬೇರೆಯವರು ಬಳಸುವಂತಿಲ್ಲ ಅಂತ ಯುರೋಪಿನ ಜೊತೆ ಒಪ್ಪಂದವಾಯಿತು. ಈಗ 'ಟೌನಿ' ಅನ್ನುತ್ತಾರೆ. 2013ರಲ್ಲಿ ನಮ್ಮ ಬೆಂಗಳೂರು ನೀಲಿಗೆ ಸಿಕ್ಕ ಜಿ.ಐ. ಪಟ್ಟ, ಅಂದರೆ ಊರಿನ ಹೆಸರು ಕಾಯುವ ಭೌಗೋಳಿಕ ಗುರುತು, ಇದೆಯಲ್ಲ, ಅದೇ ಲೆಕ್ಕ. ಅವರು ಹೆಸರನ್ನು ಕಾದುಕೊಂಡರು. ನಮ್ಮ ನೀಲಿಯ ರಸ ಎಷ್ಟೋ ಸಿಹಿ ವೈನ್ ಬಾಟಲಿಗಳಲ್ಲಿ ಹೆಸರಿಲ್ಲದೆ ಹೋಗುತ್ತದೆ.

ಓಕ್ ಮರದ ಪೀಪಾಯಿ ಉಸಿರಾಡುತ್ತದೆ. ವರ್ಷ ವರ್ಷವೂ ಒಂದಿಷ್ಟು ಆವಿಯಾಗುತ್ತದೆ. ಅಲ್ಲಿಯ ಒಣ ಹವೆಯಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಹೋಗುತ್ತದೆ, ಹಾಗಾಗಿ ಉಳಿದದ್ದು ಗಟ್ಟಿಯಾಗುತ್ತಾ ಬರುತ್ತದೆ. ಆವಿಯಾದದ್ದನ್ನು ಅವರು ದೇವತೆಗಳ ಪಾಲು ಅನ್ನುತ್ತಾರೆ. ನಮ್ಮ ಕಣಜದಲ್ಲಿ ಇಲಿಗೆ ಒಂದು ಪಾಲು, ಹಕ್ಕಿಗೆ ಒಂದು ಪಾಲು. ದೇವತೆಗಳ ಸರದಿ ಬರುವಷ್ಟು ದಿನ ನಮ್ಮಲ್ಲಿ ಏನೂ ಉಳಿಯುವುದಿಲ್ಲ.

ರುಚಿ ನೋಡುವ ಕಥೆ ಹೇಳಿ ಅಂತ ಹಿಂದಿನ ಸಾಲಿನವರು ಸನ್ನೆ ಮಾಡುತ್ತಿದ್ದಾರೆ. ಸರಿ. ಮೊದಲು ಸಾಧಾರಣ ಕೆಂಪು ವೈನ್‌ಗಳು, ಗ್ರೆನಾಷ್ ಮತ್ತು ಶಿರಾಜ್. ಗ್ಲಾಸು ಓರೆ ಮಾಡಿ ಬಣ್ಣ ನೋಡಬೇಕು. ತಿರುಗಿಸಬೇಕು. ಮೂಗು ಇಡಬೇಕು. ಒಂದು ಗುಟುಕು ಬಾಯಲ್ಲಿ ಆಡಿಸಬೇಕು. ಆಮೇಲೆ ಬೇಕಾದರೆ ಪಕ್ಕದಲ್ಲಿಟ್ಟ ಪಾತ್ರೆಗೆ ಉಗುಳಬೇಕು. ಆ ಪಾತ್ರೆ ಎಲ್ಲರಿಗೂ ಒಂದೇ, ಅದೂ ಮೇಜಿನ ಮೇಲೆ! ನಮ್ಮ ಮನೆಯವರು ಎಂಜಲು ಅಂತ ಕುರ್ಚಿಯನ್ನೇ ಒಂದು ಮಾರು ಹಿಂದೆ ಸರಿಸಿಕೊಂಡರು. ನನಗೆ ಉಗುಳಲು ಮನಸ್ಸಾಗಲಿಲ್ಲ. ದುಡ್ಡು ಕೊಟ್ಟದ್ದು ಅಳಿಯ.

ಶಿರಾಜ್ ಕುಡಿದಾಗ ನಾಲಗೆ ಒಣಗಿ ಅಂಗುಳಕ್ಕೆ ಅಂಟಿದಂತಾಯಿತು. ಗೈಡು ಅದನ್ನು ವಿವರಿಸಲು ತುಂಬಾ ಒದ್ದಾಡಿದಳು. ಟ್ಯಾನಿನ್ ಅಂದಳು, ಚಹಾದ ಚರಟ ಅಂದಳು, ಒಣ ಬಟ್ಟೆ ಅಂದಳು. ಒಂದು ಹನಿಯನ್ನೂ ಮುಟ್ಟದ ನಮ್ಮ ಮನೆಯವರು ನನ್ನ ಮುಖ ನೋಡಿಯೇ, "ಒಗರಾ?" ಅಂದರು. ಅಷ್ಟೇ. ನೇರಳೆ ತಿಂದವರಿಗೆ, ನೆಲ್ಲಿಕಾಯಿ ಕಚ್ಚಿದವರಿಗೆ, ಹಸಿ ಬಾಳೆಕಾಯಿ ಹೆಚ್ಚಿದವರಿಗೆ ಈ ಪಾಠ ಬೇಡ. ಆರು ರುಚಿಗಳಲ್ಲಿ ಅದಕ್ಕೆ ನಮ್ಮವರು ಎಂದೋ ಜಾಗ ಕೊಟ್ಟಿದ್ದಾರೆ.

ಆಮೇಲೆ ಉಗ್ರಾಣ. ಅರೆಗತ್ತಲು, ತಂಪು, ಉದ್ದಕ್ಕೂ ಪೀಪಾಯಿ. ಒಂದೊಂದರ ಮೇಲೂ ಇಸವಿ. ಬಂದವರು ತಮ್ಮ ತಮ್ಮ ಹುಟ್ಟಿದ ವರ್ಷ ಹುಡುಕಿಕೊಂಡು ಹೋಗುತ್ತಾರೆ. ನೂರು ವರ್ಷದ ಕಟ್ಟು ಬಾಟಲಿಗೆ ತುಂಬಿ ಮಾರುವುದಕ್ಕೆ ಮಾತ್ರ, ರುಚಿಗೆ ಅಂತ ಈಗ ಅದರಿಂದಲೇ ಎತ್ತಿ ಗ್ಲಾಸಿಗೆ ಹಾಕಿ ಕೊಡುತ್ತಾರೆ. ವ್ಯಾಪಾರದ ಜಾಣತನ ನೋಡಿ: ನಿಮ್ಮದೇ ವರ್ಷವನ್ನು ನಿಮಗೇ ಮಾರುತ್ತಾರೆ. ಗೊತ್ತಿದ್ದೂ ನಾನು ಮರುಳಾದೆ. 1960ರ ಎದುರು ನಿಂತಾಗ ಎದೆ ಡವಡವ ಅಂದದ್ದು ಸುಳ್ಳಲ್ಲ. ನಾನು ಹುಟ್ಟಿದ ವರ್ಷದ ಒಂದು ವಸ್ತುವೂ ನಮ್ಮ ಮನೆಯಲ್ಲಿಲ್ಲ. ತೊಟ್ಟಿಲು ಕೂಡ ಒಲೆಗೆ ಹೋಗಿದೆ.

ಕೊಟ್ಟದ್ದು ಬೆರಳಗಲವೂ ಇಲ್ಲ. ಕಡು ಕಂದು, ಅಂಚಿನಲ್ಲಿ ಕೊಂಚ ಹಸಿರು ಛಾಯೆ. ಗ್ಲಾಸು ಓರೆ ಮಾಡಿದರೆ ಹರಳೆಣ್ಣೆಯ ಹಾಗೆ ನಿಧಾನವಾಗಿ ಇಳಿಯುತ್ತದೆ. ನನ್ನ ಮೂಗಿಗೆ ಒಣದ್ರಾಕ್ಷಿ ಬಂತು, ಹುರಿದ ಕಾಫಿ ಬೀಜ ಬಂತು. ಇನ್ನೇನೋ ಇತ್ತು, ಹೆಸರು ಸಿಗಲಿಲ್ಲ. ಗ್ಲಾಸನ್ನು ನಮ್ಮ ಮನೆಯವರ ಮುಂದೆ ಹಿಡಿದೆ. ಅವರು ದೂರದಿಂದಲೇ ಮೂಸಿ, "ನಮ್ಮಜ್ಜಿ ಮನೆ ಅಟ್ಟ. ಹಳೇ ಹುಣಸೆಹಣ್ಣಿನ ಗಡಿಗೆ, ಪಕ್ಕದಲ್ಲಿ ಬೆಲ್ಲದ ಹೆಡಿಗೆ" ಅಂದರು. ಮತ್ತೆ ಮೂಸಿದೆ. ಹೌದು, ಅದೇ ಅಟ್ಟ. ಅವರಿಗಿದ್ದ ಮೂಗು ಅಲ್ಲಿ ಯಾರಿಗೂ ಇರಲಿಲ್ಲ. ಗೈಡು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

1923ರದ್ದೂ ಕೊಟ್ಟರು, ಆ ವರ್ಷಕ್ಕೆ ನೂರು ತುಂಬಿದ್ದು. ಒಂದು ಚಮಚದಷ್ಟು. ಕಾಕಂಬಿಯ ಬಣ್ಣ. ಬರೀ ಸಿಹಿ ಇರುತ್ತದೆ ಅಂದುಕೊಂಡಿದ್ದೆ. ನಾಲಗೆಗೆ ಬಿದ್ದಿದ್ದೇ ಹುಳಿ ಚಾಟಿ ಹೊಡೆದ ಹಾಗೆ ಎದ್ದಿತು. ಬಾಯಿಂದ ಆ ರುಚಿ ಹೋಗಲು ಬಹಳ ಹೊತ್ತು ಬೇಕಾಯಿತು. ಚೆನ್ನಾಗಿತ್ತಾ ಅಂತ ಕೇಳಿದರೆ, ನನಗೆ 1960ರದ್ದೇ ಹೆಚ್ಚು ಹಿಡಿಸಿತು. ನೂರರದ್ದು ಕುಡಿಯುವ ವಸ್ತುವಾಗಿ ಉಳಿದಿಲ್ಲ, ತೀರ್ಥದ ಹಾಗೆ ತೆಗೆದುಕೊಳ್ಳಬೇಕು.

ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಅವಳ 2019ರ ಪೀಪಾಯಿಯನ್ನೂ ಹುಡುಕಿದೆವು. ಅವಳು ಅದನ್ನು ಹಲಸಿನಹಣ್ಣು ತಟ್ಟುವ ಹಾಗೆ ತಟ್ಟಿ ಕಿವಿ ಇಟ್ಟಳು. ಅದು ಬಾಟಲಿಗೆ ಇಳಿಯುವುದು 2119ಕ್ಕೆ.

ಕಾರಿನಲ್ಲಿ ವಾಪಸ್ಸು ಬರುವಾಗ ನನ್ನ ತಲೆಯಲ್ಲಿ ಇದ್ದದ್ದು 2020ರ ಏಪ್ರಿಲ್. ಲಾಕ್‌ಡೌನ್. ತೋಟದ ತುಂಬ ಹಣ್ಣು, ಲಾರಿ ಇಲ್ಲ, ಮಂಡಿ ಇಲ್ಲ. ಮುಂಗಡ ಕೊಟ್ಟಿದ್ದ ವ್ಯಾಪಾರಿ ಫೋನ್ ಎತ್ತಲಿಲ್ಲ. ಒಂದು ವಾರ ಕಾದೆ. ಗೊಂಚಲು ಮೆತ್ತಗಾಗಿ ನೊಣ ಕೂತವು. ಗುಂಡಿ ತೋಡಿ ಸುರಿದೆವು. ಮೂರನೇ ದಿನ ಆ ಗುಂಡಿ ತಾನೇ ತಾನಾಗಿ ಗುಳುಗುಳು ಅಂತ ಉಕ್ಕಿತು. ಮೂವತ್ತು ವರ್ಷ ಪಾಠ ಮಾಡಿದ ಹುದುಗುವಿಕೆ ಕಣ್ಣೆದುರೇ ನಡೆಯುತ್ತಿತ್ತು, ನಾನು ಮೇಲೆ ಮಣ್ಣು ಎಳೆಯುತ್ತಿದ್ದೆ.

ನಮ್ಮಲ್ಲೂ ಮಾಡಿದವರಿದ್ದಾರೆ. ನಂದಿ ಬೆಟ್ಟದ ಆಚೆ ಮಗ್ಗುಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಕುಟುಂಬ 1988ರಲ್ಲಿ ಫ್ರಾನ್ಸಿನ ತಳಿಗಳನ್ನು ಹಿಡಿದು ಹೊರಟಿತು. ಗೆದ್ದಿತು. ರಾಜ್ಯಕ್ಕೆ ವೈನ್ ನೀತಿ ಬಂದದ್ದು 2007ರಲ್ಲಿ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷ. ಆದರೆ ಮೂರು ಎಕರೆಯವನಿಗೆ ವೈನ್ ಆಮೇಲಿನ ಮಾತು. ಅವನಿಗೆ ಹಣ್ಣನ್ನು ಹದಿನೈದು ದಿನ ಇಡಲು ಒಂದು ತಂಪು ಕೋಣೆ ಬೇಕು. ವ್ಯಾಪಾರಿ ಇವತ್ತಿನ ರೇಟು ಇಷ್ಟೇ ಅಂದಾಗ, ಹಾಗಾದರೆ ನಾಳೆ ಬಾ ಅನ್ನಲು ಆಗಬೇಕು. ಆ 'ನಾಳೆ ಬಾ' ಅನ್ನುವ ಮಾತನ್ನು ಬೆನ್ನೊ ನೂರು ವರ್ಷಕ್ಕೆ ಎಳೆದ. ನನಗೆ ಹದಿನೈದು ದಿನಕ್ಕೆ ಸಿಕ್ಕರೆ ಸಾಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕಿಕ್ ಹೊಡೆಯಿತಾ ಅನ್ನುವುದು ಮೊದಲನೆಯದು. ಬೆರಳಗಲಕ್ಕೆ ಎಲ್ಲಿಯ ಕಿಕ್ಕು. ಕೊನೆಗೆ ಒಬ್ಬ ಹುಡುಗ ಎದ್ದ. ನಂದಿ ಹೋಬಳಿಯವನು, ಹೋದ ವರ್ಷ ರೆಡ್ ಗ್ಲೋಬ್ ದ್ರಾಕ್ಷಿ ಹಾಕಿದ್ದಾನೆ. "ಸಾರ್, ನೂರು ವರ್ಷ ಇಟ್ಟರಲ್ಲ, ಆ ಹಣ್ಣು ಬೆಳೆದವನಿಗೆ ದುಡ್ಡು ಯಾವಾಗ ಕೊಟ್ಟರು?"

ಸಭೆ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ. ನಾನು, "ಅದೇ ವರ್ಷ ಕೊಟ್ಟಿರಬೇಕಪ್ಪ, ಇಲ್ಲದಿದ್ದರೆ ಮಾರನೇ ವರ್ಷದ ಪೀಪಾಯಿಗೆ ಹಣ್ಣು ಬರುತ್ತಿರಲಿಲ್ಲ" ಅಂದೆ. ಇನ್ನೂ ಏನೋ ಹೇಳುವವನಿದ್ದೆ. ಮೂರನೇ ಸಾಲಿನಿಂದ ನಮ್ಮ ಮನೆಯವರು ಗಡಿಯಾರ ತೋರಿಸಿದರು. ಒಂದು ಗಂಟೆಗೆ ತ್ರೀ ಫೇಸ್ ಬರುತ್ತದೆ, ಮೋಟರ್ ಹಾಕಬೇಕು.